ಎಂಟಾದ ಮೇಲೆ

ಹತ್ತನೆಯ ಬಿ ವಿಭಾಗದ ಹಾಜರಿಯಲ್ಲಿ
ಎಂಟಾದ ಮೇಲೆ ನಾನು ಸಂಖ್ಯೆ ಕರೆಯುತ್ತಿರಲಿಲ್ಲ.
'ಉಜ್ಜಿನೇಶ' ಎನ್ನುತ್ತಿದ್ದೆ, ಅವನೊಬ್ಬನಿಗೆ ಮಾತ್ರ ಹೆಸರು,
ಮತ್ತೆ ಹತ್ತು, ಹನ್ನೊಂದು.
ಉಪಕಾರ ಅಂದುಕೊಂಡಿದ್ದೆ.
ಮಕ್ಕಳಿಗೆ ಎಣಿಕೆ ಬರುತ್ತಿತ್ತು.
ಹೆಸರಿನ ಬೆನ್ನಿಗೇ ಕೊನೆಯ ಬೆಂಚಿನಿಂದ ನಗು,
ಪಿ.ಬಿ. ರಸ್ತೆಯ ಉಬ್ಬಿನ ಹಾಗೆ, ಗೊತ್ತಿರುವ ಜಾಗ;
ವೇಗ ತಗ್ಗಿಸಿ, ದಾಟಿ, ಮುಂದೆ ಹೋಗುತ್ತಿದ್ದೆ.

ಆ ಶುಕ್ರವಾರ ನೋಟಿಸ್ ಪುಸ್ತಕದಲ್ಲಿ
'ಅತಿಥಿ ಉಪನ್ಯಾಸ: ಜೀವನ ಕೌಶಲ' ಎಂದಷ್ಟೇ ಇತ್ತು.
ಹೆಡ್‌ಮಾಸ್ಟರು ಸಹಿಯನ್ನು ಪೆನ್ಸಿಲ್ಲಿನಲ್ಲಿ ಹಾಕಿದ್ದರು.

ಬಂದವನು ಓಬಳೇಶ,
ಹರಿಹರದ ಬಸ್ಸಿನ ಕಂಡಕ್ಟರು.
ಖಾಕಿ ಬಿಟ್ಟು ತಿಳಿನೀಲಿ ಅಂಗಿ ತೊಟ್ಟಿದ್ದ.
ಎದೆಗೆ ಟಿಕೆಟ್ ಯಂತ್ರದ ಪಟ್ಟಿ ಇಲ್ಲದೆ
ಕೈಗೆ ಕೆಲಸವಿರಲಿಲ್ಲ.
ದೊಡ್ಡಬಾತಿಯ ಮಕ್ಕಳು ಗುರುತು ಹಿಡಿದರು:
ಪಾಸು ಮರೆತ ದಿನ ಇಳಿಸದವನು,
'ಬ್ಯಾಗು ತೊಡಿ ಮ್ಯಾಲೆ ಇಟ್ಕೊಳ್ರೋ' ಎಂದು ಗದರುವವನು.
ಕೈ ಬೀಸಿದರು.
ಕೈ ಇನ್ನೂ ಮೇಲಿರುವಾಗಲೇ ಅವನೆಂದ:
'ನಾನು ಗೇ. ಅಂದ್ರೆ, ಗಂಡಸನ್ನ ಪ್ರೀತಿಸೋ ಗಂಡಸು.'
ಬೀಸಿದ ಕೈಗಳನ್ನು ಎಲ್ಲಿಡುವುದು
ಯಾರಿಗೂ ತಿಳಿಯಲಿಲ್ಲ.

ಪೃಥ್ವಿ ಎದ್ದ. ಆ ನಗುವಿನ ಒಡೆಯ.
'ಮನ್ಯಾಗೆ ಅಡಿಗಿ ಯಾರು ಮಾಡ್ತಾರೆ ಸಾರ್?'
ಇಡೀ ಕೋಣೆ ಬೆಂಚು ಬಡಿಯಿತು.
ಓಬಳೇಶನೂ ನಕ್ಕ. 'ಮೊದ್ಲು ಎದ್ದೋರು.
ನನ್ನ ಬಸ್ಸು ಐದೂಕಾಲಿಗೆ. ಹಾಲೇಶ
ಮಂಡಕ್ಕಿ ಭಟ್ಟಿಗೆ ನಾಲ್ಕಕ್ಕೇ ಹೋಗ್ಬೇಕು.
ಹಂಗಾಗಿ ಅವನ ಕೈಯ ಉಪ್ಪಿಟ್ಟು,
ಹನ್ನೊಂದು ವರ್ಷಾತು. ಉಪ್ಪು ಜಾಸ್ತಿ.'
ಪೃಥ್ವಿ ಕೂರಲು ಮರೆತ. ಅವನಪ್ಪನೂ ಭಟ್ಟಿಯವನು;
ಹಾಲೇಶ ಅವರ ಮನೆಯಲ್ಲಿ ದಿನಾ ಬರುವ ಹೆಸರು.

ಸುಮೈಯಾ ಕೇಳಿದಳು, 'ನಿಮ್ಮ ಅಮ್ಮ?'
ಅವನ ಕೈ ಎದೆಯ ಮೇಲೆ ಇಲ್ಲದ ಪಟ್ಟಿಯನ್ನು ಹುಡುಕಿತು.
'ಆರು ವರ್ಷ ಮಾತು ಬಿಟ್ಟಿದ್ಲು.
ಹೆಂಗಸರಿಗೆ ಬಸ್ಸು ಫ್ರೀ ಆತಲ್ಲ, ಆಗ
ಒಂದಿನ ನನ್ನ ಬಸ್ಸೇ ಹತ್ತಿದ್ಲು.
ಆಧಾರ್ ಕಾರ್ಡು ತೋರಿಸಿದ್ಲು, ನಾನ್ಯಾರೋ ಅನ್ನಂಗೆ.
ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟೆ.
ಹರಿಹರ ಬಂತು. ಇಳೀಲಿಲ್ಲ.
ಅದೇ ಬಸ್ಸಿನಾಗೆ ವಾಪಸ್ಸು, ಇನ್ನೊಂದು ಸೊನ್ನೆ.
ಮೂರನೇ ಟ್ರಿಪ್ಪಿಗೆ ಕೇಳಿದ್ಲು,
ಉಂಡೆಯೇನೋ?'

ನೀತಿ ಹೇಳಲಿಲ್ಲ. ಗಡಿಯಾರ ನೋಡಿದ,
ಎರಡೂವರೆಗೆ ಡ್ಯೂಟಿ ಎಂದು ಹೊರಟ.
ಅವನು ಮೆಟ್ಟಿಲಿಳಿಯುವಾಗ ಯಾರೋ
ಎರಡು ಸಲ ಸೀಟಿ ಹೊಡೆದರು, ರೈಟ್ ರೈಟ್ ಅನ್ನುವಂತೆ.
ಅಣಕವೋ ಬೀಳ್ಕೊಡುಗೆಯೋ
ನನಗೆ ಇನ್ನೂ ಗೊತ್ತಿಲ್ಲ.

ಸ್ಟಾಫ್ ರೂಮಿನಲ್ಲಿ ಗಣಿತದವರು ಕೇಳಿದರು,
'ಪೇರೆಂಟ್ಸ್ ಬಂದ್ರೆ ಯಾರು ಉತ್ತರ ಕೊಡೋದು?'
ಇಬ್ಬರು ಬಂದರು. ಒಬ್ಬರು ಜಗಳಕ್ಕೆ.
ಇನ್ನೊಬ್ಬರು ಏನೂ ಹೇಳದೆ ಬಹಳ ಹೊತ್ತು
ವರಾಂಡದಲ್ಲಿ ಕೂತಿದ್ದು, ನೀರು ಕುಡಿದು ಹೋದರು.
ಬಿಸಿಯೂಟದ ಸಾಲಿನಲ್ಲಿ 'ಉಪ್ಪು ಜಾಸ್ತಿ' ಎಂಬುದು
ಎಲ್ಲದಕ್ಕೂ ಸಲ್ಲುವ ಮಾತಾಯಿತು,
ಹೋಮ್‌ವರ್ಕಿಗೂ, ನನ್ನ ಬೈಗುಳಕ್ಕೂ.

ಉಜ್ಜಿನೇಶ ಆ ಶುಕ್ರವಾರ ಬಂದಿರಲಿಲ್ಲ.
ಜ್ವರವೆಂದು ಚೀಟಿ.
ಅವನಿಗೆ ಇದ್ಯಾವುದೂ ತಿಳಿಯದು.

ಬುಧವಾರ. ಏಳು. ಎಂಟು.
ನಾಲಿಗೆ ಹೆಸರಿನತ್ತ ಹೊರಳುತ್ತಿತ್ತು, ಹಿಡಿದೆ.
'ಒಂಬತ್ತು.'
ಉಬ್ಬು ಇದ್ದಲ್ಲಿ ಉಬ್ಬಿಲ್ಲ.
ಪೃಥ್ವಿ ಡೆಸ್ಕಿನಲ್ಲಿ ಕೊರೆದ ಯಾವುದೋ ಅಕ್ಷರವನ್ನು
ಉಗುರಿನಿಂದ ಕೆರೆಯುತ್ತಿದ್ದ.
ಎಲ್ಲೋ ಒಬ್ಬನೇ ನಕ್ಕ,
ಜೊತೆ ಸಿಗದೆ ಅದನ್ನು ಕೆಮ್ಮಿಗೆ ತಿರುಗಿಸಿದ.

ಉಜ್ಜಿನೇಶ ಎದ್ದು ನಿಂತ.
'ಪ್ರೆಸೆಂಟ್' ಅನ್ನಲಿಲ್ಲ.
ಹೊರಳಿ ಕೊನೆಯ ಬೆಂಚು ನೋಡಿದ, ಆಮೇಲೆ ನನ್ನನ್ನು,
ಆಮೇಲೆ ಮೆಲ್ಲಗೆ ಕೈ ಹಿಂದಕ್ಕೆ ಒಯ್ದು
ಅಂಗಿಯ ಬೆನ್ನು ತಡವಿಕೊಂಡ,
ಏನಾದರೂ ಅಂಟಿಸಿದ್ದಾರೆಯೇ ಎಂದು.